ಮುದ್ದೆ, ಫುಫು ಮತ್ತು ನನ್ನ ದವಡೆ

ಮನುಷ್ಯನಿಗೆ ಆತ್ಮವಿಶ್ವಾಸ ಇರಬೇಕು ಎಂಬುದರಲ್ಲಿ ನನಗೆ ಎಂದೂ ಅನುಮಾನವಿರಲಿಲ್ಲ. ಯಾವ ವಿಷಯದಲ್ಲಿ ಇರಬೇಕು ಎನ್ನುವುದನ್ನು ಮಾತ್ರ ಅವರವರ ಅನುಕೂಲಕ್ಕೆ ಬಿಡಬೇಕು. ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನ ಶರ್ಮಾಜಿಗೆ, ದೆಹಲಿಯಲ್ಲಿ ಎಲ್ಲಿಂದ ಎಲ್ಲಿಗೆ ಹೋಗುವುದಾದರೂ ಟ್ರಾಫಿಕ್ಕೇ ಸಿಗದ ಒಂದು ಗುಟ್ಟಿನ ದಾರಿ ತನಗೆ ಗೊತ್ತು ಎಂಬ ವಿಶ್ವಾಸ. ಆ ದಾರಿಯಲ್ಲೇ ಬಂದು ಅವರು ದಿನವೂ ತಡವಾಗಿ ಕಚೇರಿ ಸೇರುತ್ತಾರೆ. ವಿಶ್ವಾಸಕ್ಕೆ ಮಾತ್ರ ಇವತ್ತಿನವರೆಗೂ ಕುಂದು ಬಂದಿಲ್ಲ. ನನ್ನ ಹೆಂಡತಿ ಗಿರಿಜೆಗೆ ತಾನು ಬಡಿಯುವ ಜೋಳದ ರೊಟ್ಟಿಯ ಮೇಲೆ ವಿಶ್ವಾಸ. ನನಗೆ ರಾಗಿ ಮುದ್ದೆಯ ಮೇಲೆ. ಮಂಡ್ಯದ ಕಡೆಯಿಂದ ಬಂದು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಕೂದಲು ನೆರೆಸಿಕೊಂಡ ನಾನು ದೆಹಲಿಗೆ ಏನೇನೋ ಬಿಟ್ಟುಕೊಟ್ಟಿದ್ದೇನೆ. ತರಕಾರಿಯವನನ್ನು ಭಯ್ಯಾ ಎನ್ನುತ್ತೇನೆ. ಊರಿನಿಂದ ಅವ್ವ ಫೋನು ಮಾಡಿದರೆ ಮಾತಿನ ಮಧ್ಯೆ ‘ಅಚ್ಛಾ ಅಚ್ಛಾ’ ಎಂದು ಬಂದುಬಿಡುತ್ತದೆ. ಕಾಫಿಯ ಜಾಗಕ್ಕೆ ಶುಂಠಿ ಚಹಾ ಬಂದು ಕೂತಿದೆ. ಆದರೆ ಮುದ್ದೆಯ ವಿಷಯದಲ್ಲಿ ನಾನು ಒಂದಂಗುಲವೂ ಅಲ್ಲಾಡಿದವನಲ್ಲ, ಹಾಗೆಂದು ಎದೆ ತಟ್ಟಿ ಹೇಳಿಕೊಂಡು ತಿರುಗುತ್ತಿದ್ದೆ.

ಮುದ್ದೆ ತಿನ್ನುವುದಕ್ಕೆ ಒಂದು ಶಾಸ್ತ್ರವಿದೆ. ಬೆರಳಲ್ಲಿ ಚಿಕ್ಕದಾಗಿ ಮುರಿಯಬೇಕು, ಉರುಟು ಮಾಡಬೇಕು, ಸಾರಿನಲ್ಲಿ ಹೊರಳಿಸಬೇಕು, ಬಾಯಿಗಿಟ್ಟು ನುಂಗಬೇಕು. ಅಗಿಯುವ ಹಾಗಿಲ್ಲ. ಅಗಿದರೆ ಮುದ್ದೆ ಹಲ್ಲಿಗೆ ಮೆತ್ತಿಕೊಂಡು ಸೇಡು ತೀರಿಸಿಕೊಳ್ಳುತ್ತದೆ. ಇದು ಗೊತ್ತಿಲ್ಲದ ಗಿರಿಜೆ ವಿಜಯಪುರದ ಕಡೆಯವಳು. ಮದುವೆಯಾಗಿ ಮೊದಲ ಸಲ ನಮ್ಮ ಮನೆಯ ಪಂಕ್ತಿಯಲ್ಲಿ ಕೂತವಳು, ಒಣಗಿಸಿದ ಗಟ್ಟಿ ಖಟಿ ರೊಟ್ಟಿ ತಿಂದು ಬೆಳೆದ ಹಲ್ಲಿನಿಂದ ಮುದ್ದೆಯನ್ನು ಅಗಿಯತೊಡಗಿದಳು. ಅಗಿದಳು, ಅಗಿದಳು, ಮತ್ತೂ ಅಗಿದಳು. ಪಂಕ್ತಿಗೆ ಪಂಕ್ತಿಯೇ ಊಟ ನಿಲ್ಲಿಸಿ ನೋಡಿತು. ಅವ್ವ ಮಾತ್ರ ಸೊಸೆಯ ಬೆನ್ನು ಸವರಿ, “ಅಗಿ ಕಣವ್ವ, ಅಗಿ. ನಮ್ಮನೇಲಿ ಯಾರೂ ಏನೂ ಅನ್ನಕಿಲ್ಲ” ಎಂದಳು. ಯಾರೂ ಏನೂ ಅನ್ನಲಿಲ್ಲ ನಿಜ. ನಾನು ಮಾತ್ರ ಜೋರಾಗಿ ನಕ್ಕೆ. ಅಷ್ಟಕ್ಕೇ ಬಿಡದೆ, ಆಮೇಲೆ ನಮ್ಮ ಮನೆಗೆ ಬಂದ ಒಬ್ಬ ಅತಿಥಿಯನ್ನೂ ಈ ಕಥೆ ಕೇಳಿಸದೆ ಕಳಿಸಿದವನಲ್ಲ. ಕಥೆ ಹೇಳುವಾಗ ಗಿರಿಜೆಯ ದವಡೆ ಹೇಗೆ ಆಡುತ್ತಿತ್ತು ಎಂದು ಅಭಿನಯಿಸಿಯೂ ತೋರಿಸುತ್ತಿದ್ದೆ. ಅಭಿನಯ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ ಎಂದು ಅತಿಥಿಗಳೇ ಹೇಳಿದ್ದುಂಟು. ಗಿರಿಜೆ ಅಡುಗೆಮನೆಯಿಂದಲೇ, “ಹೇಳ್ರಿ ಹೇಳ್ರಿ. ದೇವರು ಮ್ಯಾಲ ಕುಂತು ನೋಡಾಕತ್ತಾನ” ಎನ್ನುತ್ತಿದ್ದಳು. ದೇವರು ಬೇರೆ ಬೇರೆ ದೇಶಗಳ ಮೂಲಕ ನೋಡುತ್ತಾನೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಇಂಥ ಮುದ್ದೆಯ ಮನೆಯಲ್ಲಿ ಹುಟ್ಟಿದ ನನ್ನ ಮಗಳು ಸಿಂಚನಾ, ಕಾಲೇಜಿನ ಮೊದಲ ವರ್ಷಕ್ಕೆ ಬಂದರೂ ಒಂದು ತುತ್ತು ಮುದ್ದೆ ನುಂಗಿರಲಿಲ್ಲ. ದೆಹಲಿಯಲ್ಲಿ ಹುಟ್ಟಿ ಬೆಳೆದವಳು. ರಸ್ತೆ ಬದಿಯ ಮೋಮೋವನ್ನು ಕಣ್ಣಲ್ಲಿ ನೀರು ಬರುವಷ್ಟು ಖಾರದ ಚಟ್ನಿಯೊಂದಿಗೆ ತಿನ್ನಬಲ್ಲಳು, ಮುದ್ದೆ ಕಂಡರೆ ಮಾತ್ರ ಹಿಂದೆ ಸರಿಯುತ್ತಿದ್ದಳು. “ಪಪ್ಪಾ, ಪ್ಲೀಸ್ ಯಾರ್, ಇದು ನಂಗೆ ನಹೀ ಹೋಗಾ.” ನಾನು ರಾಗಿಯ ಸುಣ್ಣದಂಶ, ಕಬ್ಬಿಣದಂಶ ಎಂದು ಉಪನ್ಯಾಸ ಕೊಟ್ಟೆ. ‘ಹಿಟ್ಟಂ ತಿಂದಂ ಬೆಟ್ಟಮಂ ಕಿತ್ತಿಟ್ಟಂ’ ಎಂದು ಗಾದೆ ಹೇಳಿದೆ. “ದೆಹಲಿಯಲ್ಲಿ ಬೆಟ್ಟ ಎಲ್ಲಿದೆ ಪಪ್ಪಾ?” ಎಂದಳು. ಈಗ ಚಿಂತೆ ಬಲಿಯಲು ಕಾರಣ, ಮಂಡ್ಯದ ಅಣ್ಣನ ಮನೆಯಲ್ಲಿರುವ ಅವ್ವ ಈ ಸಲ ದೆಹಲಿಯ ಚಳಿ ಸ್ವಲ್ಪ ಇಳಿದ ಮೇಲೆ ನಮ್ಮಲ್ಲಿಗೆ ಬರುವವಳಿದ್ದಳು. ಮೊಮ್ಮಗಳ ಪಕ್ಕದಲ್ಲಿ ಕೂತು ಹಿಟ್ಟು ಉಣ್ಣಬೇಕೆಂಬುದು ಅವಳ ಆಸೆ. ಮುದ್ದೆಗೆ ನಮ್ಮ ಕಡೆ ಹಿಟ್ಟು ಎಂದೇ ಹೆಸರು. ಹಿಟ್ಟು ಉಣ್ಣದ ಮೊಮ್ಮಗಳನ್ನು ನೋಡಿ ಅವಳು ಬಯ್ಯುವುದಿಲ್ಲ, ನನಗೆ ಗೊತ್ತು. ಸುಮ್ಮನೆ ನನ್ನ ಮುಖ ನೋಡುತ್ತಾಳೆ. ಬಯ್ಗುಳವನ್ನಾದರೂ ತಡೆದುಕೊಳ್ಳಬಹುದು, ಆ ನೋಟವನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಅವ್ವ ಬರುವ ಸುದ್ದಿ ಬಂದ ವಾರದಲ್ಲೇ ನನ್ನ ಮುದ್ದೆ ಕೋಲು ಸೀಳು ಬಿಟ್ಟಿತು. ದೆಹಲಿಯಲ್ಲಿ ಅಂಥದ್ದು ಎಲ್ಲಿ ಸಿಗುತ್ತದೆಂದು ಫೋನಿನಲ್ಲಿ ಹುಡುಕಿದೆ. ಫೋನು ಮೊದಲು ಲಟ್ಟಣಿಗೆ ತೋರಿಸಿತು, ಆಮೇಲೆ ಕ್ರಿಕೆಟ್ ಬ್ಯಾಟು ತೋರಿಸಿತು, ಕೊನೆಗೆ ಏನು ತೋಚಿತೋ, ಒಂದು ವಿಡಿಯೊದಲ್ಲಿ ಒಬ್ಬ ಹೆಂಗಸನ್ನು ತೋರಿಸಿತು. ಅಂಗಳದ ಒಲೆ, ಒಲೆಯ ಮೇಲೆ ದೊಡ್ಡ ಪಾತ್ರೆ, ಕೈಯಲ್ಲಿ ನನ್ನ ಕೋಲಿನ ದೊಡ್ಡಣ್ಣನಂಥ ಒಂದು ಮರದ ಕೋಲು. ಗಟ್ಟಿ ಹಿಟ್ಟನ್ನು ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತೊಳಸುತ್ತಿದ್ದಳು. ಭುಜ ಆಡುವ ರೀತಿ, ಹಣೆಯ ಬೆವರನ್ನು ಮೊಣಕೈಯಿಂದ ಒರೆಸುವ ರೀತಿ, ನೋಡಿದರೆ ಸಾಕ್ಷಾತ್ ನಮ್ಮ ಅವ್ವ. ಹೆಸರು ಅಬೆನಾ, ಊರು ಆಫ್ರಿಕಾದ ಘಾನಾ ದೇಶದಲ್ಲಿ ಕುಮಾಸಿಯ ಹತ್ತಿರ. ತೊಳಸುತ್ತಿದ್ದದ್ದು ಮುಸುಕಿನ ಜೋಳ ಮತ್ತು ಮರಗೆಣಸಿನ ಹುಳಿಹಿಟ್ಟಿನ ಬಂಕು ಎಂಬ ಊಟ. ಮಂಗಳವಾರ ಹುಟ್ಟಿದ ಹೆಣ್ಣಿಗೆ ಅವರ ಕಡೆ ಅಬೆನಾ ಎಂದೇ ಹೆಸರಂತೆ. ಪ್ರತಿಯೊಬ್ಬರಿಗೂ ಹುಟ್ಟಿದ ವಾರದ ಒಂದು ಹೆಸರು ಇದ್ದೇ ಇರುತ್ತದಂತೆ. ಇದನ್ನು ಕೇಳಿದ ಕೂಡಲೇ ನಮ್ಮೂರಿನ ಶನಿಯಪ್ಪ, ಮಂಗಳಮ್ಮ, ಸೋಮಣ್ಣ ಎಲ್ಲರೂ ನೆನಪಾಗಿ, ಘಾನಾ ನನಗೆ ಮದ್ದೂರಿನ ಆಚೆ ಪಕ್ಕದ ಊರು ಎನ್ನಿಸಿಬಿಟ್ಟಿತು.

ಅಂದಿನಿಂದ ನಾನು ಘಾನಾದ ವಿಡಿಯೊಗಳ ಪಾಲಾದೆ. ಮೆಟ್ರೋದಲ್ಲಿ ಘಾನಾ, ಊಟದ ವಿರಾಮದಲ್ಲಿ ಘಾನಾ. ಮಗ್ಗದ ಹುಡುಗನೊಬ್ಬ ಇದ್ದಾನೆ. ಹಾಸಿನ ಎಳೆಗಳು ಅವನ ಮುಂದೆ ಅಂಗಳದುದ್ದಕ್ಕೂ ಚಾಚಿ, ಆ ತುದಿಯಲ್ಲಿ ಕಲ್ಲಿನ ಭಾರ ಕೂತಿರುತ್ತದೆ. ಅವನು ಕಾಲ್ಬೆರಳಿನಿಂದ ದಾರ ಎಳೆಯುತ್ತಾ ಕೆಂಟೆ ಎಂಬ ಬಣ್ಣಬಣ್ಣದ ಪಟ್ಟಿ ನೇಯುತ್ತಾ, ಯಾವ ಬಣ್ಣಕ್ಕೆ ಏನು ಅರ್ಥ ಎಂದು ಹೇಳುತ್ತಾನೆ. ಇನ್ನೊಬ್ಬ ಟ್ರೋಟ್ರೋ ಎಂಬ ಬಾಡಿಗೆ ವ್ಯಾನಿನ ಬಾಗಿಲಿಗೆ ಜೋತುಬಿದ್ದು ಊರಿನ ಹೆಸರು ಕೂಗುತ್ತಾನೆ, ಥೇಟ್ ನಮ್ಮ ಖಾಸಗಿ ಬಸ್ಸಿನ ಕ್ಲೀನರ್. ಸಮುದ್ರದ ದಡದಲ್ಲಿ ಹಾಡು ಹೇಳುತ್ತಾ ಬಲೆ ಎಳೆಯುವ ಗುಂಪೊಂದಿದೆ. ನನಗೆ ಹಿಡಿಸಿದ್ದು ಅವರ ಧಾಟಿ. ಯಾರೂ ತಮ್ಮ ಬದುಕಿಗಾಗಿ ಕ್ಷಮೆ ಕೇಳುವುದಿಲ್ಲ. ‘ಇದು ನಮ್ಮ ಊಟ, ಇದನ್ನು ಹೀಗೆ ಮಾಡುತ್ತೇವೆ, ಬನ್ನಿ ಕೂತ್ಕೊಳ್ಳಿ’, ಅಷ್ಟೇ. ನಾನೋ, ಶರ್ಮಾಜಿ ನನ್ನ ಡಬ್ಬಿ ನೋಡಿ “ಅರೇ ಭಾಯ್, ಯೇ ಕಾಲಾ ಲಡ್ಡೂ ಕ್ಯಾ ಹೈ?” ಎಂದು ಕೇಳಿದಾಗಲೆಲ್ಲ, “ಹೆಲ್ದೀ ಹೈ ಜೀ, ಶುಗರ್ ಕೇ ಲಿಯೇ ಅಚ್ಛಾ ಹೈ” ಎಂದು ಮುದ್ದೆಯನ್ನು ಔಷಧಿಯ ಮಟ್ಟಕ್ಕೆ ಇಳಿಸಿ ಬಚಾವಾಗುತ್ತಿದ್ದೆ. ಮನೆಯಲ್ಲಿ ಹುಲಿ, ಕ್ಯಾಂಟೀನಿನಲ್ಲಿ ಇಲಿ. ಘಾನಾದವರನ್ನು ನೋಡುತ್ತಾ ನೋಡುತ್ತಾ ನನಗೂ ಮೈಯಲ್ಲಿ ಹುರುಪು ಬಂತು. ಒಂದು ದಿನ ಶರ್ಮಾಜಿ ಮತ್ತೆ ಕೇಳಿದಾಗ, “ಯೇ ಮುದ್ದೇ ಹೈ. ಹಮ್ ಖಾತೇ ಹೈಂ. ಬೈಠಿಯೇ” ಎಂದೆ. ಅವರು ಬೆದರಿ ಕೂತೇಬಿಟ್ಟರು.

ಹುರುಪು ಹೆಚ್ಚಾಗಿ, ನಾನೂ ನನ್ನ ದಿನನಿತ್ಯದ ಕೆಲಸವನ್ನು ಲೋಕಕ್ಕೆ ತೋರಿಸಿದರೆ ಹೇಗೆ ಎಂದು ಯೋಚಿಸಿದ್ದೂ ಉಂಟು. ಆದರೆ ಸೆಕ್ಷನ್ ಆಫೀಸರನ ಕೆಲಸದಲ್ಲಿ ತೋರಿಸುವುದೇನು? ಕಂಪ್ಯೂಟರಿನಲ್ಲಿ ಫೈಲು ತೆರೆಯುತ್ತೇನೆ. ಓದುತ್ತೇನೆ. ‘ಚರ್ಚಿಸಿ’ ಎಂದು ಬರೆದು ಕೆಳಗೆ ಕಳಿಸುತ್ತೇನೆ. ಅವರು ‘ಚರ್ಚಿಸಲಾಯಿತು’ ಎಂದು ಬರೆದು ಮೇಲೆ ಕಳಿಸುತ್ತಾರೆ. ಮಧ್ಯೆ ಯಾರೂ ಯಾರೊಂದಿಗೂ ಮಾತಾಡಿರುವುದಿಲ್ಲ. ಮಗಳಿಗೆ ಹೇಳಿದರೆ, “ಪಪ್ಪಾ, ನಿಮ್ಮ ಕೆಲಸಕ್ಕೆ ಸ್ಲೋ ಮೋಷನ್ ಹಾಕೋ ಝರೂರತ್ ಹೀ ನಹೀ” ಎಂದಳು.

ಒಂದು ಭಾನುವಾರ ಬೆಳಿಗ್ಗೆ ಆಂಟಿ ಅಬೆನಾ (ನಮ್ಮ ಮನೆಯಲ್ಲಿ ಅಷ್ಟರಲ್ಲಿ ಅವರಿಗೆ ಈ ಹೆಸರು ಬಿದ್ದಿತ್ತು) ಫುಫು ಎಂಬ ಇನ್ನೊಂದು ಊಟಕ್ಕೆ ಹಿಟ್ಟು ಕುಟ್ಟುವುದನ್ನು ತೋರಿಸಿದರು. ಬೇಯಿಸಿದ ಮರಗೆಣಸು ಮತ್ತು ಬಾಳೆಕಾಯಿಯನ್ನು ಮರದ ಒರಳಿಗೆ ಹಾಕಿ, ಅವರ ತಮ್ಮ ನಿಂತುಕೊಂಡು ಆಳೆತ್ತರದ ಒನಕೆಯಿಂದ ಕುಟ್ಟುತ್ತಾನೆ. ಆಂಟಿ ಪಕ್ಕದಲ್ಲಿ ಕೂತು, ಎರಡು ಪೆಟ್ಟಿನ ನಡುವೆ ಕೈ ಹಾಕಿ ಹಿಟ್ಟನ್ನು ತಿರುವಿ ಹಾಕುತ್ತಾರೆ. ಒನಕೆ ಇಳಿಯುವುದಕ್ಕೆ ಎವೆಯಿಕ್ಕುವಷ್ಟು ಮೊದಲು ಕೈ ಹೊರಗೆ. ಅಷ್ಟರ ನಡುವೆ ಇಬ್ಬರೂ ಹರಟೆ ಹೊಡೆಯುತ್ತಾರೆ. ನನಗೆ ನೋಡಿಯೇ ಬೆರಳು ಜುಮ್ಮೆಂದಿತು. “ಗಂಡ ಹೆಂಡತಿ ನಡುವೆ ಇಂಥ ನಂಬಿಕೆ ಇರಬೇಕು ನೋಡು, ಗಿರಿಜಾ” ಎಂದೆ. ಅವಳು ರೊಟ್ಟಿ ಬಡಿಯುತ್ತಲೇ ಒಮ್ಮೆ ಪರದೆ ನೋಡಿ, “ಆತು, ಮಾಡೂಣು. ನಾ ಒನಕಿ ಹಿಡಿತೀನಿ, ನೀವು ಅದರಾಗ ಕೈ ಹಾಕ್ರಿ” ಎಂದಳು. ನಾನು ಆ ವಿಷಯವನ್ನು ಅಲ್ಲಿಗೇ ಬಿಟ್ಟೆ.

ಅದೇ ವಿಡಿಯೊದ ಕೊನೆಯಲ್ಲಿ ಆಂಟಿ, ಫುಫು ತಿನ್ನುವುದು ಹೇಗೆಂದು ತಿಳಿಯದವರಿಗೆ ಪಾಠ ಹೇಳಿದರು. ಬಲಗೈ ತೊಳೆದುಕೊಳ್ಳಿ. ಚಿಕ್ಕದಾಗಿ ಮುರಿಯಿರಿ. ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ. ಸಾರಿನಲ್ಲಿ ಮುಳುಗಿಸಿ. ಬಾಯಿಗಿಡಿ. ಅಗಿಯಬೇಡಿ, ತಾನಾಗಿ ಜಾರಲು ಬಿಡಿ. ನಾನು ಕೂತಲ್ಲಿಂದ ಎದ್ದು ನಿಂತೆ. ನಮ್ಮ ಶಾಸ್ತ್ರದ ಅಕ್ಷರ ಅಕ್ಷರ! ಸಿಂಚನಾ ನನ್ನ ಭುಜದ ಮೇಲಿಂದ ನೋಡುತ್ತಿದ್ದಳು. “ವಾವ್, ಕಿತ್ನಾ ಕೂಲ್ ಹೈ. ಪಪ್ಪಾ, ಇದು ದಿಲ್ಲಿಯಲ್ಲಿ ಎಲ್ಲಿ ಸಿಗುತ್ತೆ?” ಎಂದು ಕೇಳಿದಳು. ಈ ಪ್ರಶ್ನೆಗೆ ಒಬ್ಬ ತಂದೆ ಏನು ಉತ್ತರ ಕೊಡಬೇಕು? ಜೀವಮಾನವಿಡೀ ಅವಳ ತಟ್ಟೆಯ ಪಕ್ಕದಲ್ಲೇ ಆವಿಯಾಡುತ್ತಿದ್ದ ಮುದ್ದೆ ಕಣ್ಣಿಗೆ ಬಿದ್ದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನನಗೆ ಒಳಗೊಳಗೆ ಬೇಸರವಾಯಿತು, ಸುಳ್ಳೇಕೆ ಹೇಳಲಿ. ಆದರೆ ನಾನು ಸರ್ಕಾರಿ ನೌಕರ, ಸಿಕ್ಕ ಅವಕಾಶವನ್ನು ಯಾವ ತಲೆಬರಹದಡಿ ಬಳಸಬೇಕೆಂಬುದು ಗೊತ್ತು. ಮಧ್ಯಾಹ್ನಕ್ಕೆ ಮುದ್ದೆ ಮಾಡಿ ಮುಂದಿಟ್ಟು, “ಇದು ನಮ್ಮ ಫುಫು” ಎಂದೆ. ಅವಳು ಬಲಗೈ ತೊಳೆದುಕೊಂಡು ಬಂದಳು. ಮುರಿದಳು, ಗುಳಿ ಮಾಡಿದಳು, ಸಾರಿನಲ್ಲಿ ಮುಳುಗಿಸಿದಳು, ಕಣ್ಣು ಮುಚ್ಚಿದಳು, ನುಂಗಿದಳು. ಕಣ್ಣು ತೆರೆದು, “ಪಪ್ಪಾ, ಚಲಾ ಗಯಾ!” ಎಂದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಕಣ್ಣಲ್ಲಿ ನೀರು ಬಂದದ್ದು ಸಾರಿನ ಖಾರಕ್ಕಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇವತ್ತು ಮೀಸೆ ತಿರುವಿಕೊಂಡು ಓಡಾಡುತ್ತಿದ್ದೆ. ಆದರೆ ಮುಂದಿನ ವಾರ ಆಂಟಿ ಅಬೆನಾ ತಮ್ಮ ವೀಕ್ಷಕರಿಗೆ ಒಂದು ಕರೆ ಕೊಟ್ಟರು: ‘ನಿಮ್ಮ ಊರಲ್ಲೂ ಅಗಿಯದೆ ನುಂಗುವ ಊಟ ಇದೆಯೇ? ಮಾಡಿ ತೋರಿಸಿ.’ ಸಿಂಚನಾ ಕುಣಿದಳು. ನಾನು ಅವಳಿಗಿಂತ ಜಾಸ್ತಿ ಕುಣಿದೆ. ಅಣ್ಣ ಕೊರಿಯರಿನಲ್ಲಿ ಕಳಿಸಿದ್ದ ಹೊಸ ಕೋಲು ಬಂದಿತ್ತು. ಐ.ಎನ್.ಎ. ಮಾರುಕಟ್ಟೆಯಿಂದ ರಾಗಿ ಹಿಟ್ಟು ತಂದೆ. ತರಕಾರಿ ಭಯ್ಯಾನ ಗಾಡಿಯಲ್ಲಿ ಬಥುವಾ ಸೊಪ್ಪಿತ್ತು. ದೆಹಲಿಯವರು ಅದನ್ನು ಪರಾಠಾಕ್ಕೆ ಹಾಕಿ ಹಾಳುಮಾಡುತ್ತಾರೆ, ಅದು ನಮ್ಮ ಚಕ್ಕೋತ ಸೊಪ್ಪೇ. ಅದರದ್ದು ಬಸ್ಸಾರು. ನಾನು ಬಿಳಿ ಪಂಚೆ ಉಟ್ಟು ಒಲೆಯ ಮುಂದೆ ನಿಂತು, ಎಸರು ಹೇಗೆ ಕುದಿಯಬೇಕು, ಗಂಟಾಗದ ಹಾಗೆ ಹೇಗೆ ತೊಳಸಬೇಕು ಎಂದು ನನ್ನ ಕಚೇರಿಯ ಇಂಗ್ಲಿಷಿನಲ್ಲಿ ವಿವರಿಸಿದೆ. ಕೊನೆಗೆ, ನಾನೂ ಮಗಳೂ ಅಕ್ಕಪಕ್ಕ ಕೂತು ಉಣ್ಣುವ ದೃಶ್ಯ. ಉಣ್ಣುವ ಮೊದಲು ನಾನು ನೇರವಾಗಿ ಫೋನಿನ ಕಣ್ಣಿಗೆ ಕಣ್ಣಿಟ್ಟು, “ಘಾನಾದ ಬಂಧುಗಳೇ, ನಾವು ಕೂಡ ಅಗಿಯುವುದಿಲ್ಲ” ಎಂದು ಗಂಭೀರವಾಗಿ ಘೋಷಿಸಿದೆ. ಗಿರಿಜೆ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಅವಳನ್ನೂ ಕರೆದೆವು. “ನಾ ಒಲ್ಲೆ. ನಾ ಅಗಿಯೂ ಪೈಕಿ” ಎಂದಳು.

ವಿಡಿಯೊ ಹಾಕಿದ ಮರುದಿನ ಸಂಜೆ ಕಚೇರಿಯಿಂದ ಬಂದು, ಚಹಾ ಹಿಡಿದು ಸೋಫಾದಲ್ಲಿ ಕೂತು, ಬಂದ ಟಿಪ್ಪಣಿಗಳನ್ನು ಗಿರಿಜೆಗೆ ಕೇಳುವಂತೆ ದೊಡ್ಡ ದನಿಯಲ್ಲಿ ಕನ್ನಡಕ್ಕೆ ತಿರುಗಿಸಿ ಓದತೊಡಗಿದೆ. “ಕೇಳು. ‘ನಿಮ್ಮ ಕೋಲು ಮತ್ತು ನಮ್ಮ ಕೋಲು ಒಂದೇ ಮರದ್ದು ಇರಬೇಕು.’ ಇನ್ನೊಂದು, ‘ಅಂಕಲ್ ತೊಳಸುವ ಕೈ ನೋಡಿದರೆ ನನ್ನ ಅಜ್ಜಿ ನೆನಪಾದಳು.’ ಆಹಾ! ‘ಹುಡುಗಿ ಚೆನ್ನಾಗಿ ನುಂಗುತ್ತಾಳೆ, ಅವಳನ್ನು ಕುಮಾಸಿಗೆ ಕಳಿಸಿ.’ ನೋಡಿದೆಯಾ ನನ್ನ ಮಗಳು! ಇನ್ನೊಂದು, ‘ಆದರೆ ಅಪ್ಪ ಯಾಕೆ ಅಗಿಯುತ್ತಿದ್ದಾರೆ?’ ಇನ್ನೊಂದು...”

“ತಡೀರಿ” ಎಂದಿತು ಅಡುಗೆಮನೆ. “ಹಿಂದಿಂದು ಇನ್ನೊಮ್ಮೆ ಓದ್ರಿ.”

ಅದು ಬೇರೆ ಯಾರದೋ ಅಪ್ಪನ ವಿಷಯ ಇರಬೇಕು ಎಂದೆ. ಆದರೆ ಕೆಳಗೆ ಇಡೀ ಘಾನಾ ಸಾಲುಗಟ್ಟಿ ನಿಂತಿತ್ತು. ‘ನಾನೂ ನೋಡಿದೆ, ಅಂಕಲ್ ಅಗಿಯುತ್ತಾರೆ.’ ‘ಅಗಿಯುವುದಿಲ್ಲ ಎಂದು ಹೇಳಿ ಅಗಿಯುತ್ತಾರೆ!’ ‘ಅಂಕಲ್, ಅದು ಮಾಂಸವಲ್ಲ.’ ಮಗ್ಗದ ಹುಡುಗ ಕೂಡ ನೇಯುವುದನ್ನು ಬಿಟ್ಟು ಬಂದು ನಗುವ ಮುಖಗಳನ್ನು ಹಾಕಿದ್ದ. ಗಿರಿಜೆ ಹಿಟ್ಟಿನ ಕೈಯಲ್ಲೇ ಬಂದು ನನ್ನ ಪಕ್ಕ ಕೂತಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಪ್ರೀತಿಯಿಂದ ನನ್ನ ಪಕ್ಕ ಕೂತದ್ದು ಕಡಿಮೆ. “ಸಿಂಚೂ, ಆ ವಿಡಿಯೊ ಹಚ್ಚವಾ” ಎಂದಳು. ಮಗಳು ಹಚ್ಚಿದಳು. ನಾನು ಮುದ್ದೆ ಮುರಿದೆ, ಹೊರಳಿಸಿದೆ, ಬಾಯಿಗಿಟ್ಟೆ. ಆಮೇಲೆ ನನ್ನ ದವಡೆ ಮೆಲ್ಲಗೆ ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಮತ್ತೆ ಎಡಕ್ಕೆ ಹೋಯಿತು. ಮಗಳು ಈ ಭಾಗಕ್ಕೆ ಮಾತ್ರ ಸ್ಲೋ ಮೋಷನ್ ಹಾಕಿದ್ದಳು. “ಪಪ್ಪಾ, ನಂಗೆ ಲಗಾ ನೀವು ಇಮೋಷನಲ್ ಆಗಿದೀರ ಅಂತ” ಎಂದಳು.

ಗಿರಿಜೆ ನಗಲಿಲ್ಲ. ನಕ್ಕಿದ್ದರೆ ಪರವಾಗಿರಲಿಲ್ಲ. ಪೂರ್ತಿ ನೋಡಿ, ಮತ್ತೆ ಮೊದಲಿನಿಂದ ಹಾಕಿಸಿ ನೋಡಿ, “ಗಲ್ಲ ಭಾಳ ಚಂದ ಆಡತೈತ್ರಿ ನಿಮ್ಮದು” ಎಂದು ಎದ್ದು ಒಳಗೆ ಹೋದಳು. ನಾನು ಇಂಗು ತಿಂದ ಮಂಗನಂತೆ ಕೂತೆ. ಯಾವಾಗ ಆಯಿತು ಇದು? ಮುದ್ದೆ ಮಾಡುವವನು ನಾನೊಬ್ಬನೇ, ತಿನ್ನುವವನೂ ನಾನೊಬ್ಬನೇ. ಟಿವಿ ನೋಡುತ್ತಾ ತಿನ್ನುವಾಗ ನನ್ನ ಮುಖ ನೋಡುವವರು ಯಾರಿದ್ದರು? ಕ್ಯಾಂಟೀನಿನ ತವಾ ರೋಟಿ, ತಂದೂರಿ ರೋಟಿ, ತಣ್ಣಗಾಗಿ ಚರ್ಮದಂತಾದ ನಾನ್, ಮನೆಯಲ್ಲಿ ಗಿರಿಜೆಯ ಜೋಳದ ರೊಟ್ಟಿ, ಎಲ್ಲವೂ ಸೇರಿ ನನ್ನ ದವಡೆಗೆ ಹೊಸ ಕಸುಬು ಕಲಿಸಿಬಿಟ್ಟಿದ್ದವು. ನಾಲಗೆ ಮಂಡ್ಯದಲ್ಲೇ ಇದೆ ಎಂದು ನಾನು ನಂಬಿಕೊಂಡಿದ್ದೆ, ಇದೆ ಕೂಡ. ಆದರೆ ದವಡೆ ನನ್ನನ್ನು ಕೇಳದೆ ದೆಹಲಿಗೆ ವರ್ಗವಾಗಿತ್ತು. ಆ ಸಂಜೆ ನನಗೆ ನಿಜವಾಗಿಯೂ ದುಃಖವಾಯಿತು, ಮನೆಯ ಬೀಗದ ಕೈ ಕಳೆದುಕೊಂಡವನ ದುಃಖ. ಆಂಟಿ ಅಬೆನಾ ಮಾತ್ರ ದೊಡ್ಡ ಮನಸ್ಸಿನವರು. ಎಲ್ಲರ ಕೆಳಗೆ ಅವರು ಬರೆದಿದ್ದರು: ‘ಅಂಕಲ್ಲನ್ನು ನೋಡಿ ನಗಬೇಡಿ. ಅಂಕಲ್, ಸಣ್ಣ ಸಣ್ಣ ಉಂಡೆ ಮಾಡಿ. ನಮ್ಮಲ್ಲಿ ಚಿಕ್ಕ ಮಕ್ಕಳಿಗೆ ಹಾಗೆಯೇ ಕಲಿಸುತ್ತೇವೆ.’

ಆ ಸಮಾಧಾನದಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ಮಂಡ್ಯದಿಂದ ಫೋನು. ವಿಡಿಯೊ ಅಣ್ಣನ ಮನೆಯ ವಾಟ್ಸಾಪಿಗೂ ಹೋಗಿ, ಅಲ್ಲಿಂದ ನೆಂಟರಿಷ್ಟರ ಮನೆಗಳನ್ನೆಲ್ಲ ಸುತ್ತಿ, ಕೊನೆಗೆ ಅವ್ವನ ಕೈಗೆ ಬಂದಿತ್ತು. “ಏನ್ಲಾ ಮಗ, ಹಿಟ್ಟ ಅಗೀತೀಯಂತಲ್ಲಾ?” ಎಂದಳು. “ಇಲ್ಲ ಕಣವ್ವ, ಅದು ಫೋನು ಹಂಗೆ ತೋರಿಸ್ತದೆ” ಎಂದೆ. “ಫೋನು ಕೂಸಿಗೆ ಹಂಗೆ ತೋರಿಸ್ಲಿಲ್ವಲ್ಲ. ಕೂಸು ಏನ್ ಚೆಂದಾಗಿ ನುಂಗ್ತು! ಬತ್ತೀನಿ ತಡಿ” ಎಂದು ಇಟ್ಟಳು. ಮೊಮ್ಮಗಳ ಚಿಂತೆ ಅಲ್ಲಿಗೆ ತೀರಿತು. ಮಗನ ಚಿಂತೆ ಶುರುವಾಯಿತು.

ಅವ್ವ ಬಂದಳು. ಬಂದ ಮರುದಿನವೇ ಮುದ್ದೆ ಊಟ. ಅದಕ್ಕೆ ಮೊದಲು ಮಗಳು ನನ್ನನ್ನು ಕೂರಿಸಿಕೊಂಡು ಆಂಟಿಯ ಪಾಠವನ್ನು ಮೂರ್ನಾಲ್ಕು ಸಲ ತೋರಿಸಿ ತಾಲೀಮು ಮಾಡಿಸಿದ್ದಳು. ಅವ್ವನ ಬಾಯಲ್ಲಿ ಈಗ ಹಲ್ಲಿಲ್ಲ. ಅವಳ ತುತ್ತುಗಳು ತಾವಾಗಿ ಜಾರುತ್ತಿದ್ದವು. ಪಕ್ಕದಲ್ಲಿ ಸಿಂಚನಾ ಅಜ್ಜಿಯ ಸಮಕ್ಕೆ ನುಂಗುತ್ತಿದ್ದಳು, ಅಜ್ಜಿ ಅವಳ ತಲೆ ಸವರಿ ಸವರಿ ಬೀಗುತ್ತಿದ್ದಳು. ನನ್ನ ಜೀವ ಅದನ್ನು ನೋಡಿ ತಂಪಾಯಿತು. ಆ ತಂಪಿನಲ್ಲೇ ನಾನೂ ಸಣ್ಣ ಉಂಡೆ ಮಾಡಿ, ಗುಳಿ ಮಾಡಿ, ಮುಳುಗಿಸಿ, ಬಾಯಿಗಿಟ್ಟೆ. ಮೂವರೂ ಊಟ ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಮನಸ್ಸಿನಲ್ಲೇ ನಮ್ಮ ಮನೆದೇವರನ್ನು ನೆನೆದೆ. ದವಡೆ ಮೆಲ್ಲಗೆ ಎಡಕ್ಕೆ ಹೋಯಿತು.

ಗಿರಿಜೆ ಎದ್ದು ಬಂದು ನನ್ನ ಬೆನ್ನು ಸವರಿದಳು. “ಅಗೀರಿ, ಅಗೀರಿ. ನಮ್ಮ ಮನ್ಯಾಗ ಯಾರೂ ಏನೂ ಅನ್ನೂದಿಲ್ಲ” ಎಂದಳು. ಅವ್ವ ಬಾಯಿ ತುಂಬ ನಕ್ಕಳು. ಸಿಂಚನಾ ಫೋನು ಎತ್ತಿಕೊಂಡು, “ಪಪ್ಪಾ, ಈ ಕಡೆ ನೋಡಿ, ಆಂಟಿ ರಿಸಲ್ಟ್ ಕೇಳಿದಾರೆ” ಎಂದಳು. ನಾನು ತಟ್ಟೆ ಕೈಗೆತ್ತಿಕೊಂಡು, ಪೂರ್ತಿ ಆತ್ಮವಿಶ್ವಾಸದಿಂದ ಗೋಡೆಯ ಕಡೆಗೆ ತಿರುಗಿ ಕೂತು, ಅಗಿದೆ.